ಅಪ್‌ಡೇಟ್: ಎರಡು ಗರಿಗೆ ಹಂಚಿಹೋದ ಪದ್ಯದ ಟ್ಯಾಗ್ ಸರಿಯಾಯ್ತು

ಹೋದ ವಾರ ಕೇಳಿದ್ದೆ ಅಲ್ವಾ, ನಮ್ಮ ಮೈಸೂರು ಮನೆಯ ತಾಳೆಗರಿಯ ಭಾಮಿನಿ ಷಟ್ಪದಿಗೆ ಟಿಇಐ (ಪಠ್ಯದ ಭಾಗಗಳನ್ನು ಕಂಪ್ಯೂಟರಿಗೆ ತಿಳಿಯುವಂತೆ ಗುರುತಿಸುವ ಎಕ್ಸ್‌ಎಂಎಲ್ ಪದ್ಧತಿ) ಟ್ಯಾಗ್ ಹಾಕುವಾಗ, ಪದ್ಯ ಒಂದು ಗರಿಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿದರೆ ಗರಿಯ ಟ್ಯಾಗೂ ಪದ್ಯದ ಟ್ಯಾಗೂ ಒಂದಕ್ಕೊಂದು ಅಡ್ಡಹಾಯ್ದು ಎಕ್ಸ್‌ಎಂಎಲ್ ಎರರ್ ಬರುತ್ತದೆ ಅಂತ. ಬಗೆಹರಿಯಿತು!

ಗರಿಗೊಂದು, ಪದ್ಯಕ್ಕೊಂದು ಫೈಲ್ ಮಾಡಿ ನೋಡಿದೆ. ಒಂದಕ್ಷರ ತಿದ್ದಿದರೂ ಎರಡು ಕಡೆ ತಿದ್ದಬೇಕು, ಬಿಟ್ಟೆ. ಕೆಲಸಕ್ಕೆ ಬಂದಿದ್ದು ಮಂಡ್ಯದ ಮೇಷ್ಟ್ರು ಹೇಳಿದ ದಾರಿ: ಗರಿಯನ್ನು ಟ್ಯಾಗಿನಿಂದ ಸುತ್ತಬೇಡಿ, ಗರಿ ಬದಲಾಗುವ ಜಾಗದಲ್ಲಿ ‘ಪಿಬಿ’ (ಪೇಜ್ ಬಿಗಿನಿಂಗ್, ಅಂದರೆ ಪುಟದ ಶುರು) ಅನ್ನುವ ಖಾಲಿ ಟ್ಯಾಗ್ ಇಡಿ, ಸಾಕು. ‘ಮನ’ ಒಂದು ಗರಿಯ ಕೊನೆಗೆ, ‘ದೊಳಗೆ’ ಮುಂದಿನದರ ಮೊದಲಿಗೆ ಬಂದಿತ್ತು. ಅಲ್ಲಿ ಪಿಬಿ ಟ್ಯಾಗಿನ ಒಳಗೆ ‘ಬ್ರೇಕ್’ಗೆ ‘ನೋ’ (ಇಲ್ಲಿ ಪದ ಮುಗಿದಿಲ್ಲ) ಅಂತ ಕೊಟ್ಟು, ಹುಡುಕುವ ಸ್ಕ್ರಿಪ್ಟಿಗೂ ಅದನ್ನು ತಿಳಿಸಿದ ಮೇಲೆ ‘ಮನದೊಳಗೆ’ ಇಡಿಯಾಗಿ ಸಿಗುತ್ತಿದೆ, ನೋಡಿ ತುಂಬಾ ಖುಷಿಯಾಯ್ತು.

ಇನ್ನೊಂದು ಗೊತ್ತಾಯ್ತು. ಗರಿಯಲ್ಲಿ ಸಾಲು ಬಿಡಿಸದೆ ಒಂದೇ ಸಮ ಬರೆದಿದ್ದಾರೆ, ಆದರೆ ಷಟ್ಪದಿಯ 6 ಸಾಲಿಗೂ ಎರಡನೇ ಅಕ್ಷರದ ಪ್ರಾಸ ಒಂದೇ ಆದ್ದರಿಂದ ಸಾಲು ಎಲ್ಲಿ ಶುರು ಅಂತ ಅದೇ ತೋರಿಸಿಕೊಡುತ್ತದೆ.