‘ಸಿಬ್ಲಿಂಗ್ಸ್’ಗೆ ಕನ್ನಡದಲ್ಲಿ ಏನನ್ನೋದು, ದೊಡ್ಡೋರು ಯಾರು ಅಂತ ಬಾಯಿಬಿಡದೆ?

ಎಲ್ರಿಗೂ ನಮಸ್ಕಾರ. ಇಷ್ಟು ದಿನ ನೀವು ಬರೆದಿದ್ದನ್ನ ಓದ್ಕೊಂಡು ಸುಮ್ನಿದ್ದೆ, ಈಗ ನಂದೇ ಒಂದು ಪೇಚಾಟ ಬಂದಿದೆ.

ನಮ್ಮಕ್ಕನ ಮಗಳು, ಫಸ್ಟ್ ಪಿಯು ಓದ್ತಿದಾಳೆ, ಹನುಮಂತನಗರದಲ್ಲಿ ಮನೆ, ಇಂಗ್ಲಿಷಲ್ಲಿ 70 ಪುಟದ ಒಂದು ಕಥೆ ಬರೆದಿದಾಳೆ. ಈಗಿನ ಹುಡುಗ್ರು ಮುಗಿಬಿದ್ದು ಓದೋ ಡಿಸ್ಟೋಪಿಯನ್ ಥರದ್ದು. ಮುಂದೆ ಯಾವ್ದೋ ಕಾಲದಲ್ಲಿ ಒಂದು ಸರ್ಕಾರ, ಪ್ರತಿ ಮನೆಯ ಮೊದಲ್ನೇ ಮಗುಗೆ 16 ತುಂಬಿದ ತಕ್ಷಣ ಎಳ್ಕೊಂಡೋಗಿ ಗೋಡೆ ಕಟ್ಟೋ ಕೆಲಸಕ್ಕೆ ಹಾಕುತ್ತೆ, ಹೋದೋರು ವಾಪಸ್ ಬರಲ್ಲ. ಒಂದು ಮನೇಲಿ ತಾರಾ, ನಕುಲ ಅಂತ ಇಬ್ರು, ವರ್ಷದ ಅಂತರ, ಹೆಚ್ಚುಕಮ್ಮಿ ಒಂದೇ ಎತ್ತರ. ಅವರಮ್ಮ ಬರ್ತ್ ಸರ್ಟಿಫಿಕೇಟ್ ಎರಡನ್ನೂ ಯಾವತ್ತೋ ಒಲೆಗೆ ಹಾಕಿಬಿಟ್ಟಿದಾಳೆ. ಅಧಿಕಾರಿ ಬಂದು ದೊಡ್ಡೋರು ಯಾರು ಅಂದ್ರೆ ಇಬ್ರೂ ನಾನೇ ಅಂತಾರೆ, ಹೊಡೆದ್ರೂ ನಾನೇ, ಊಟ ನಿಲ್ಲಿಸಿದ್ರೂ ನಾನೇ. ಓದೋರಿಗೂ ಕೊನೇವರೆಗೆ ಗೊತ್ತಾಗಲ್ಲ. ಯಾಕಮ್ಮಾ ಹೇಳಲ್ಲ ಅಂದ್ರೆ, ‘ಓದೋರಿಗೆ ಹೇಳಿದ್ರೆ ಅವರೂ ಹೋಗಿ ಚಾಡಿ ಹೇಳ್ಬೋದಲ್ವಾ ಮಾವ’ ಅಂತಾಳೆ.

ಇದನ್ನ ಕನ್ನಡಕ್ಕೆ ತರ್ತೀನಿ ಅಂತ ಜಂಬದಲ್ಲಿ ಒಪ್ಕೊಂಡ್ಬಿಟ್ಟೆ. ಮೊದಲ್ನೇ ವಾಕ್ಯದಲ್ಲೇ ಸಿಕ್ಕಾಕೊಂಡೆ, ಯಾಕಂದ್ರೆ ಅಲ್ಲೇ ‘ಸಿಬ್ಲಿಂಗ್ಸ್’ ಇದೆ. ಅಕ್ಕ-ತಮ್ಮ ಅಂದ್ರೆ ಗುಟ್ಟು ರಟ್ಟಾಯ್ತು, ಅಣ್ಣ-ತಂಗಿ ಅಂದ್ರೂ ಅಷ್ಟೇ. ಸಹೋದರರು ಅಂದ್ರೆ ಇಬ್ರೂ ಗಂಡು ಹುಡುಗ್ರು ಅನ್ಸುತ್ತೆ, ಸಹೋದರ-ಸಹೋದರಿಯರು ಅಂದ್ರೆ ಮೈಕ್ ಮುಂದೆ ಯಾರೋ ಭಾಷಣ ಶುರು ಮಾಡ್ದಂಗಿರುತ್ತೆ. ನಮ್ಮ ಆಡುಮಾತಲ್ಲಿ ಸೋದರ ಅನ್ನೋದು ಉಳಿದಿರೋದೇ ಸೋದರಮಾವ, ಸೋದರತ್ತೆ, ಸೋದರಳಿಯ ಇಂಥ ಕಡೆ ಅನ್ಸುತ್ತೆ, ಅಂದ್ರೆ ನನ್ನಂಥ ಮಾವಂದಿರ ಹತ್ರ.

ಉಳಿದಿದ್ದು ಒಡಹುಟ್ಟಿದವರು. ಪದ ಚೆನ್ನಾಗಿದೆ, ವಯಸ್ಸಿನ ತಂಟೆ ಇಲ್ಲ, ಹೆಣ್ಣು ಗಂಡು ಅಂತಲೂ ಇಲ್ಲ. ಇದನ್ನ ಕೆಲವರು ‘ಒಡಲಲ್ಲಿ ಹುಟ್ಟಿದವರು’ ಅಂತ ಬಿಡಿಸ್ತಾರೆ, ನಂಗದು ಸರಿ ಅನ್ಸಲ್ಲ, ಇಲ್ಲಿರೋದು ಒಡನೆ, ಒಡನಾಡಿ ಇವುಗಳಲ್ಲಿರೋ ‘ಒಡ’, ಜೊತೆ ಅಂತ ಅರ್ಥ. ಹೊಟ್ಟೆ ಇರೋದು ಸಹೋದರದಲ್ಲಿ, ಸಹ ಉದರ. ಆದ್ರೆ ಕಥೇಲಿ ಈ ಪದ ನೂರಕ್ಕೂ ಹೆಚ್ಚು ಸಲ ಬರುತ್ತೆ, ಪ್ರತಿ ಸಲ ‘ಒಡಹುಟ್ಟಿದವರು ಓಡಿದರು’ ‘ಒಡಹುಟ್ಟಿದವರು ಬಚ್ಚಿಟ್ಟುಕೊಂಡರು’ ಅಂತ ಬರೆದ್ರೆ ಓದೋ ಹುಡುಗ್ರು ನಿಜವಾಗ್ಲೂ ಓಡಿಹೋಗ್ತಾರೆ. ಸುಮ್ನೆ ‘ಒಡಹುಟ್ಟುಗಳು’ ಅನ್ಬೋದಾ? ನಂಗೆ ಕಿವಿಗೆ ಹಿತವಾಗಿದೆ, ನಮ್ಮಕ್ಕ ಮಾತ್ರ ಹುಣ್ಣುಗಳು ಅಂದಂಗಿದೆ ಅಂದ್ಳು.

ಇನ್ನು ಕರೆಯೋದು. ಇಂಗ್ಲಿಷಲ್ಲಿ ಇಬ್ರೂ ಹೆಸರಿಡ್ಕೊಂಡು ಕರ್ಕೋತಾರೆ, ಅದ್ರಲ್ಲಿ ಏನೂ ಇಲ್ಲ. ನಮ್ಮಲ್ಲಿ ಹಾಗಲ್ಲ, ದೊಡ್ಡೋರನ್ನ ಅಕ್ಕ ಅಣ್ಣ ಅಂತೀವಿ, ಚಿಕ್ಕೋರನ್ನ ಹೆಸರಲ್ಲೇ ಕೂಗ್ತೀವಿ, ಏನೇ ತಂಗಿ ಬಾರೇ ತಂಗಿ ಅಂತ ದಿನಾ ಯಾರೂ ಕರೆಯಲ್ಲ. ಅಂದ್ರೆ ಕನ್ನಡದಲ್ಲಿ ಹೆಸರಿಡಿದು ಕರೆಯೋದೂ ಒಂದು ಹಕ್ಕುಸಾಧನೆನೇ, ನಾನು ನಿನಗಿಂತ ದೊಡ್ಡೋನು ಅಂತ. ತಾರಾ ನಕುಲ ಇಬ್ರೂ ಒಬ್ರನ್ನೊಬ್ರು ಹೆಸರಿಡಿದು ಕೂಗಿದ್ರೆ ಇಬ್ರೂ ನಾನೇ ದೊಡ್ಡೋರು ಅಂತ ದಿನಕ್ಕೆ ಹತ್ತು ಸಲ ಹೇಳ್ದಂಗೆ. ಇಂಗ್ಲಿಷಲ್ಲಿ ಇಲ್ಲದೇ ಇರೋದೊಂದು ಇಲ್ಲಿ ಪುಕ್ಕಟೆ ಸಿಕ್ತು ಅಂತ ನಂಗೆ ಭಾರಿ ಖುಷಿ ಆಯ್ತು. ಆದ್ರೆ ಕಥೇಲಿ ಒಬ್ಬ ಅಜ್ಜಿ ಇದಾಳೆ. ಯಾವ ಕನ್ನಡದ ಅಜ್ಜಿ ಇದನ್ನ ಸುಮ್ನೆ ಕೇಳಿಸ್ಕೊಂಡು ಕೂತಿರ್ತಾಳೆ? ನಾನು ಅಕ್ಕನ್ನ ಒಂದ್ಸಲ ಹೆಸರಿಡಿದು ಕೂಗಿದ್ದಕ್ಕೆ ನಮ್ಮಜ್ಜಿ ಸೌಟು ಹಿಡ್ಕೊಂಡು ಅಡುಗೆಮನೆ ಬಾಗಿಲಿಗೆ ಬಂದಿದ್ರು. ಹಾಗಾಗಿ ಕನ್ನಡದ ಕಥೇಲಿ ಅಜ್ಜಿ ಸಾಯ್ಬೇಕು, ಇಲ್ಲಾ ಅವಳೂ ಗುಟ್ಟಲ್ಲಿ ಪಾಲುದಾರಳಾಗ್ಬೇಕು.

ಹಳೇ ಮೈಸೂರು ಕಡೆ ಎಷ್ಟೋ ಮನೇಲಿ ಅಪ್ಪನ್ನೇ ಅಣ್ಣ ಅಂತಾರೆ, ಚಿಕ್ಕಪ್ಪಂದಿರು ಕರೆಯೋದು ಕೇಳಿ ಕೇಳಿ ಮಕ್ಕಳಿಗೂ ಅದೇ ಬಾಯಿಗೆ ಬಂದಿರುತ್ತೆ. ಅಕ್ಕ ಅನ್ನೋದಂತೂ ಬಿಎಂಟಿಸಿ ಬಸ್ಸಲ್ಲಿ ಕಂಡಕ್ಟರ್ ಬಾಯಲ್ಲಿ ಯಾರ್ಯಾರಿಗೋ ಸಲ್ಲುತ್ತೆ. ಕೌಶಿಕ ರಾಜನ್ನ ಬಿಟ್ಟು ಕಲ್ಯಾಣಕ್ಕೆ ಬಂದ ಮಹಾದೇವಿ ಚಿಕ್ಕ ವಯಸ್ಸಿನೋಳೇ, ಆದ್ರೂ ಶರಣರಿಗೆಲ್ಲ ಅಕ್ಕ. ಈ ದಾರಿ ಹಿಡಿದು ಇಬ್ರೂ ಒಬ್ರಿಗೊಬ್ರು ಅಣ್ಣ, ಅಕ್ಕ ಅಂದ್ರೆ ಹೇಗೆ, ಅಧಿಕಾರಿ ತಲೆ ಕೆಟ್ಟು ಹೋಗ್ಲಿ ಅಂತ ನಾನಂದೆ. ‘ಮಾವ, ಅದು ಕಾಮಿಡಿ ಆಗುತ್ತೆ’ ಅಂದ್ಬಿಟ್ಳು.

ಹೋದ ತಿಂಗಳು ಅವಳನ್ನ ಫ್ರೀಡಂ ಪಾರ್ಕಿಗೆ ಕರ್ಕೊಂಡೋಗಿದ್ದೆ. ಹಳೇ ಸೆಂಟ್ರಲ್ ಜೈಲು, ಎಮರ್ಜೆನ್ಸಿ ಟೈಮಲ್ಲಿ ವಾಜಪೇಯಿ, ಅಡ್ವಾಣಿ, ನಟಿ ಸ್ನೇಹಲತಾ ರೆಡ್ಡಿ ಎಲ್ಲ ಇದ್ದಿದ್ದು ಅಲ್ಲೇ. ಕಾವಲು ಗೋಪುರ ನೋಡ್ಬೇಕು ಅಂತ ಅವಳ ಹಟ. ಅಲ್ಲಿ ಇನ್ಯಾರದ್ದೋ ಮನೆಯ ಇಬ್ರು ಮಕ್ಕಳು ಆಡ್ತಿದ್ರು, ಹುಡುಗ ಆ ಹುಡುಗೀನ ಲೇ ಚಿನ್ನೂ, ಲೇ ಚಿನ್ನೂ ಅಂತ ಗದರಿಸ್ಕೊಂಡೇ ಓಡಾಡ್ತಿದ್ದ, ಇವನೇ ಅಣ್ಣ ಅನ್ಕೊಂಡೆ. ಅವಳು ಕತ್ತಲೆ ಇರೋ ಕಡೆ ಬಚ್ಚಿಟ್ಕೊಂಡು ಎಷ್ಟೊತ್ತಾದ್ರೂ ಬರ್ಲಿಲ್ಲ ನೋಡಿ, ಇವನ ಮುಖ ಸಣ್ಣಗಾಯ್ತು, ಆಮೇಲೆ ಗೋಡೆಗೆಲ್ಲ ಬಡಿಯೋ ಹಾಗೆ ‘ಅಕ್ಕಾ’ ಅಂತ ಕಿರುಚಿದ. ನಾನು ಇವಳ ಮುಖ ನೋಡ್ದೆ, ಇವಳು ನನ್ನ ಮುಖ. ಇದನ್ನ ಕಥೆಗೆ ಹಾಕ್ಲೇಬೇಕು ಅಂದೆ. ಹಾಕಂಗಿಲ್ಲ, ನನ್ನ ಮಕ್ಕಳು ಬಾಯಿ ತಪ್ಪಲ್ಲ ಅಂದ್ಳು. ಇನ್ನೂ ಇತ್ಯರ್ಥ ಆಗಿಲ್ಲ, ನಂಗಂತೂ ಆ ಒಂದು ಕೂಗಿಲ್ಲದೆ ಕನ್ನಡದಲ್ಲಿ ಈ ಕಥೆ ಪೂರ್ತಿ ಆಗಲ್ಲ ಅನ್ಸುತ್ತೆ.

ಮಿಕ್ಕ ಪದಗಳು ಬೇಗ ಹೇಳ್ಬಿಡ್ತೀನಿ. ಡಿಸ್ಟೋಪಿಯಾಗೆ ಕೆಡುನಾಡು, ದುಃಸ್ವಪ್ನರಾಜ್ಯ ಅಂತೆಲ್ಲ ಮಾಡ್ಬೋದು, ರಾಮರಾಜ್ಯಕ್ಕೆ ವಿರುದ್ಧ ಅಂತ ರಾವಣರಾಜ್ಯ ಅಂದ್ರೆ ಪಾಪ ಲಂಕೆ ಬಂಗಾರದ ಊರು, ಅನ್ಯಾಯ ಆಗುತ್ತೆ. ಡಿಸ್ಟೋಪಿಯಾ ಅಂತಲೇ ಇಟ್ಕೋತೀನಿ. ‘ದಬ್ಬಾಳಿಕೆ ಸರ್ಕಾರ’ ಸಾಕು. ನಿರಂಕುಶ ಪ್ರಭುತ್ವ ಅಂತಾರೆ, ಆದ್ರೆ ಕುವೆಂಪು ನಿರಂಕುಶಮತಿಗಳಾಗಿ ಅಂತ ಅದೇ ಪದದಲ್ಲಿ ಹುಡುಗ್ರಿಗೆ ಕರೆ ಕೊಟ್ಟಿದಾರಲ್ಲ, ಅಂಕುಶ ಇಲ್ಲದ ಬುದ್ಧಿ ಒಳ್ಳೇದು, ಅಂಕುಶ ಇಲ್ಲದ ದೊರೆ ಕೆಟ್ಟದ್ದು, ಅದನ್ನ ವಿವರಿಸ್ತಾ ಕೂರಕ್ಕಾಗಲ್ಲ. ಆಳೋನಿಗೆ ದೊಡ್ಡಣ್ಣ ಅನ್ನೋಣ ಅಂದ್ರೆ ಪೇಪರ್‌ನೋರು ಅದನ್ನ ಅಮೆರಿಕಕ್ಕೆ ಕೊಟ್ಟಿದಾರೆ, ಸಿನಿಮಾ ನೋಡೋರಿಗೆ ನಗಿಸೋ ದೊಡ್ಡಣ್ಣನವರೇ ಕಣ್ಮುಂದೆ ಬರ್ತಾರೆ.

‘ಡಿಫೈ’ಗೆ ಸೆಡ್ಡು ಹೊಡೆ ಅಂದ್ರೆ ಗರಡಿಮನೆ ಸದ್ದು ಕೇಳುತ್ತೆ. ಧಿಕ್ಕರಿಸು ಅಂದ್ರೆ ಬೀದೀಲಿ ಧಿಕ್ಕಾರ ಕೂಗ್ದಂಗೆ. ಈ ಮಕ್ಕಳು ಏನೂ ಕೂಗಲ್ಲ, ಬರೀ ಬಾಯಿ ಬಿಡಲ್ಲ. ಹಾಗಾಗಿ ‘ಬಾಯಿಬಿಡಲಿಲ್ಲ’ ಅಂತ್ಲೇ ಹಾಕಿದೀನಿ, ತಕರಾರಿದ್ರೆ ಹೇಳಿ.

ಕೊನೇದು, ನಿಜವಾಗ್ಲೂ ಸಹಾಯ ಬೇಕಾಗಿರೋದು ಇಲ್ಲಿ. ಅಧಿಕಾರಿ ಕೇಳೋ ಪ್ರಶ್ನೆ. ‘ದೊಡ್ಡೋರು ಯಾರು?’ ಅಂದ್ರೆ ಗೌರವ ಕೊಟ್ಟಂಗಾಗುತ್ತೆ. ಅದಕ್ಕೆ ತಾರಾ ‘ನಾನೇ ದೊಡ್ಡವಳು’ ಅನ್ನೋದು ಸರಿ, ಆದ್ರೆ ಮುಂದೆ ಒಂದು ಕಡೆ ನಾನು ಗೊತ್ತಾಗ್ದೆ ‘ದೊಡ್ಡವಳಾದಳು’ ಅಂತ ಬರೆದು ಸೊಸೆ ಕೈಲಿ ಉಗಿಸ್ಕೊಂಡೆ, ಆ ಅರ್ಥ ನಿಮಗೆಲ್ಲ ಗೊತ್ತಿರೋದೇ. ಚೊಚ್ಚಲು ಅಂದ್ರೆ ಮನೆಮಾತು, ಬೆಚ್ಚಗಿದೆ, ಆದ್ರೆ ಕ್ರಿಕೆಟ್‌ನೋರು ಚೊಚ್ಚಲ ಶತಕ ಅಂತ ಸವೆಸಿಟ್ಟಿದಾರೆ. ಜ್ಯೇಷ್ಠ ಸಂತಾನ ಅಂದ್ರೆ ಥೇಟ್ ಸರ್ಕಾರಿ ಫಾರಂ ವಾಸನೆ. ಸರ್ಕಾರ ಜ್ಯೇಷ್ಠ ಸಂತಾನ ಅನ್ಲಿ, ಅಮ್ಮ ಚೊಚ್ಚಲು ಅನ್ಲಿ ಅಂತ ನನ್ನ ಮನಸ್ಸು. ನಿಮ್ಮ ಕಡೆ ಚೊಚ್ಚಲು ಅಂತ ಮನೇಲಿ ಈಗ್ಲೂ ಅಂತಾರಾ, ಹೆಣ್ಣುಮಗುಗೂ ಅಂತಾರಾ?