ಸಹಾಯ ಬೇಕು: ಈ ಕಿಡಿ ಯಾವ ಲೋಹದ್ದು?

ನಮಸ್ಕಾರ ಎಲ್ಲರಿಗೂ. ದಾವಣಗೆರೆಯಲ್ಲಿ ನಂದೊಂದು ಚಿಕ್ಕ ವೆಲ್ಡಿಂಗ್ ಶಾಪ್ ಇದೆ. ಚನ್ನಗಿರಿ ಕಡೆಯ ರೈತರೊಬ್ಬರು ಅಡಿಕೆ ಸುಲಿಯುವ ಕತ್ತಿ ಮಾಡಿಕೊಡಿ ಅಂದಿದ್ದಾರೆ. ಅದಕ್ಕೆ ಗುಜರಿಯಿಂದ ಒಂದು ಪಟ್ಟಿ ತಂದೆ. ಯಾವ ಉಕ್ಕು ಅಂತ ನೋಡೋಣ ಅಂತ ಗ್ರೈಂಡರ್‌ಗೆ ಹಿಡಿದೆ. ಕಿಡಿ ನೋಡಿ ತಲೆ ಕೆಟ್ಟಿತು.

ಕಬ್ಬಿಣದ ಸರಳು ಹಿಡಿದರೆ ಉದ್ದ ಹಳದಿ ಗೆರೆ, ಅಲ್ಲೊಂದು ಇಲ್ಲೊಂದು ಕವಲು. ಹಳೇ ಅರ ಹಿಡಿದರೆ ಸುರುಸುರು ಬತ್ತಿ ಥರ ಚಕ್ರದ ಹತ್ತಿರವೇ ಸಿಡಿಯುತ್ತದೆ, ಇಂಗಾಲ ಜಾಸ್ತಿ ಅಲ್ವಾ. ಇಷ್ಟು ನನಗೂ ಗೊತ್ತು. ಆದರೆ ಈ ಪಟ್ಟಿಯದು ಮಂಕಾದ ಕಡುಗೆಂಪು ಕಿಡಿ. ಎಳೆಗಳೂ ಕಡಿಮೆ, ಹೂವಿನ ಹಾಗೆ ಒಡೆಯುವುದೇ ಇಲ್ಲ. ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ಅರ ಹಾಕಿದರೆ ಸುಮ್ನೆ ಜಾರುತ್ತದೆ.

ಪಕ್ಕದ ಲೇತ್‌ನವರು ಸ್ಟೇನ್‌ಲೆಸ್ ಅಂತಾರೆ. ನನಗೆ ಟಂಗ್‌ಸ್ಟನ್ ಇರೋ ಹೈಸ್ಪೀಡ್ ಸ್ಟೀಲ್ (ಡ್ರಿಲ್ ಬಿಟ್ ಮಾಡೋ ಉಕ್ಕು) ಅಂತ ಅನುಮಾನ. ಟಂಗ್‌ಸ್ಟನ್ ಇದ್ದರೆ ಕಿಡಿ ಕೆಂಪಾಗಿ ಅಡಗುತ್ತದೆ. ಹಾಗಿದ್ದರೆ ನನ್ನ ಕುಲುಮೆಯಲ್ಲಿ ಕಾಯಿಸಿ ಎಣ್ಣೆಗೆ ಅದ್ದಿದರೆ ಕೆಲಸ ಆಗಲ್ಲ, ಅದು ಗಡಸಾಗಲು ಸುಮಾರು 1200 ಡಿಗ್ರಿ ಬೇಕು.

ಇವೆರಡನ್ನೂ ಕಿಡಿಯಲ್ಲೇ ಬೇರೆ ಮಾಡುವುದು ಹೇಗೆ? ಕೈಯಾರೆ ನೋಡಿದವರು ಹೇಳಿ. ಇಲ್ಲಾಂದ್ರೆ ಲಾರಿಯ ಕಮಾನು ಪಟ್ಟಿಯಲ್ಲೇ ಕತ್ತಿ ಮಾಡಿಬಿಡಲಾ?