ವಿಮಾನದಲ್ಲಿ ಲೇಹ್‌ಗೆ ಇಳಿದವರು ಮರ್ಖಾ ಚಾರಣಕ್ಕೆ ಮೊದಲು ಎಷ್ಟು ದಿನ ತಂಗಬೇಕು?

ಪ್ರಶ್ನೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ನಾವು ನಾಲ್ವರು ಲಡಾಖಿನ ಮರ್ಖಾ ಕಣಿವೆಯ ಚಾರಣಕ್ಕೆ ಹೊರಟಿದ್ದೇವೆ. ದೆಹಲಿಯಿಂದ ಬೆಳಗಿನ ವಿಮಾನದಲ್ಲಿ ಲೇಹ್ ತಲುಪಿ, ಎತ್ತರಕ್ಕೆ ಮೈ ಒಗ್ಗಲೆಂದು ಮಾರನೆಯ ದಿನ ಕಾರಿನಲ್ಲಿ ಖರ್ದುಂಗ್ ಲಾಗೆ (ಲಾ ಎಂದರೆ ಬೆಟ್ಟ ದಾಟುವ ಎತ್ತರದ ದಾರಿ) ಹೋಗಿ ಬಂದು, ಮೂರನೆಯ ದಿನ ಚಿಲ್ಲಿಂಗ್‌ನಿಂದ ನಡೆಯಲು ಆರಂಭಿಸಬೇಕೆಂದುಕೊಂಡಿದ್ದೇವೆ. ಸ್ಕಿಯು, ಮರ್ಖಾ, ನಿಮಾಲಿಂಗ್‌ಗಳಲ್ಲಿ ಒಂದೊಂದು ರಾತ್ರಿ ತಂಗಿ, ಕೊಂಗ್ಮಾರು ಲಾ ದಾಟಿ ಶಾಂಗ್ ಸುಮ್ದೋಗೆ ಇಳಿಯುವುದು ನಮ್ಮ ಯೋಜನೆ. ಮೂವರಿಗೆ ದಿನವೂ ಓಡುವ ಅಭ್ಯಾಸವಿದೆ. ನಾಲ್ಕನೆಯವರು ನನ್ನ ಸೋದರಮಾವ. ಅವರಿಗೆ 58 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಹಿಮಾಲಯದಲ್ಲಿ ನಡೆಯಬೇಕೆಂಬುದು ಅವರ ಬಹುದಿನದ ಆಸೆಯಾಗಿದ್ದು, ಅವರನ್ನು ಕರೆದೊಯ್ದು ಕರೆತರುವ ಹೊಣೆ ನನ್ನದು. ಇರುವುದು 9 ದಿನ ಮಾತ್ರ. ಲೇಹ್‌ನಲ್ಲಿ ಇಷ್ಟು ತಂಗಿದರೆ ಸಾಕೇ?

ಮೊದಲ ಉತ್ತರ

ಸಾಲದು. ಖರ್ದುಂಗ್ ಲಾವನ್ನಂತೂ ದಯವಿಟ್ಟು ಕೈಬಿಡಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೇ ಎರಡು ಭಾಗದಷ್ಟೇ. ಬೆಳಿಗ್ಗೆ ದೆಹಲಿಯಲ್ಲಿದ್ದ ದೇಹ ಒಂದೂವರೆ ಗಂಟೆಯೊಳಗೆ ಆ ಗಾಳಿಗೆ ಬಂದು ಬೀಳುತ್ತದೆ. ಅದು ಇನ್ನೂ ತಡವರಿಸುತ್ತಿರುವಾಗಲೇ ಮರುದಿನ 5,359 ಮೀಟರಿಗೆ ಏರಿಸಿದರೆ, ಅದು ಒಗ್ಗಿಸುವುದಲ್ಲ, ದಣಿಸುವುದು. ಓಟದ ಅಭ್ಯಾಸವೂ ಇಲ್ಲಿ ರಕ್ಷಣೆ ಕೊಡುವುದಿಲ್ಲ. ಗಟ್ಟಿಮುಟ್ಟಾದವರು ತಮ್ಮ ಶಕ್ತಿಯನ್ನು ನಂಬಿ ವೇಗವಾಗಿ ಏರುವುದರಿಂದ ಕೆಲವೊಮ್ಮೆ ಅವರೇ ಮೊದಲು ಮಲಗುತ್ತಾರೆ.

ಇಳಿದ ದಿನ ಮತ್ತು ಮರುದಿನ ಊರಲ್ಲೇ ಇರಿ: ಊಟ, ನೀರು, ನಿದ್ದೆ, ಸಂಜೆ ಮಾರುಕಟ್ಟೆಯವರೆಗೆ ನಿಧಾನದ ನಡಿಗೆ, ಅಷ್ಟೇ. ಮದ್ಯ ಮತ್ತು ನಿದ್ದೆಮಾತ್ರೆ ಬೇಡ, ಏಕೆಂದರೆ ರಾತ್ರಿ ಹೆಚ್ಚಬೇಕಾದ ಉಸಿರಾಟವನ್ನು ಅವು ಕುಗ್ಗಿಸುತ್ತವೆ. ಸುತ್ತಲೇಬೇಕೆನಿಸಿದರೆ ಮೂರನೆಯ ದಿನ ಸಿಂಧೂ ನದಿಯ ಜೊತೆಗೇ ಕೆಳಕ್ಕೆ, ಝನ್ಸ್ಕಾರ್ ಬಂದು ಸೇರುವ ನಿಮ್ಮುವಿಗೋ ಅಲ್ಚಿಯ ಹಳೆಯ ಬೌದ್ಧ ವಿಹಾರಕ್ಕೋ ಹೋಗಿ. ಆ ಊರುಗಳು ಲೇಹ್‌ಗಿಂತ ತಗ್ಗಿನಲ್ಲಿವೆ.

ನಿಮ್ಮ ಯೋಜನೆಯಲ್ಲಿ ನನಗೆ ಇದಕ್ಕಿಂತ ಹೆಚ್ಚು ಆತಂಕ ತಂದದ್ದು ಮರ್ಖಾದಿಂದ ನಿಮಾಲಿಂಗ್‌ಗೆ ಒಂದೇ ದಿನದಲ್ಲಿ ಏರುವ ಲೆಕ್ಕ. ಮರ್ಖಾ ಸುಮಾರು 3,800 ಮೀಟರ್, ನಿಮಾಲಿಂಗ್ ಸುಮಾರು 4,800. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರು ಹೇಳುವ ಮಿತಿ. ನೀವು ಅದರ ಎರಡರಷ್ಟು ಏರುತ್ತೀರಿ. ನಡುವೆ ತಾಚುಂಗ್ತ್ಸೆಯಲ್ಲಿ ಒಂದು ರಾತ್ರಿ ಸೇರಿಸಿಕೊಳ್ಳಿ. ಲೇಹ್‌ನಲ್ಲಿ 3 ದಿನ, ನಡಿಗೆಗೆ 5 ದಿನ, ಮರಳುವ ದಿನ ಒಂದು. ನಿಮ್ಮ 9 ದಿನಗಳಲ್ಲೇ ಇದು ಹಿಡಿಸುತ್ತದೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ ತಪ್ಪನ್ನು ನಾನೇ ಮಾಡಿದ್ದೇನೆ. ಮೊದಲ ದಿನ ಲೇಹ್‌ನಲ್ಲಿ ಮೈ ಹಗುರವಾಗಿಯೇ ಇತ್ತು. ಆ ಉತ್ಸಾಹದಲ್ಲಿ ಸಂಜೆಯೇ ಶಾಂತಿ ಸ್ತೂಪದ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದೆ. ರಾತ್ರಿ ತಲೆ ಸಿಡಿಯತೊಡಗಿತು, ತಿಂದದ್ದೆಲ್ಲ ವಾಂತಿಯಾಯಿತು, ಬೆಳಿಗ್ಗೆ ಆಮ್ಲಜನಕ ಹಾಕಿಸಿಕೊಳ್ಳಬೇಕಾಯಿತು. ಇಳಿದ ಕೂಡಲೇ ಏನೂ ಆಗದಿದ್ದುದನ್ನೇ ನಾನು ಒಗ್ಗಿದ್ದರ ಗುರುತೆಂದು ನಂಬಿದ್ದೆ. ಆದರೆ ತೊಂದರೆ ಸಾಮಾನ್ಯವಾಗಿ ಕೆಲವು ಗಂಟೆ ಕಳೆದ ಮೇಲೆ, ಹೆಚ್ಚಾಗಿ ಮೊದಲ ರಾತ್ರಿಯೇ ಕಾಣಿಸಿಕೊಳ್ಳುತ್ತದೆ.

ನಿಮ್ಮ ಸೋದರಮಾವ ಹೊರಡುವ ಮುಂಚೆ ತಮ್ಮ ವೈದ್ಯರನ್ನು ಕಾಣಲೇಬೇಕು. ಅಸೆಟಾಜೊಲಮೈಡ್ ಮಾತ್ರೆಯನ್ನು, ಅಂದರೆ ಡೈಮಾಕ್ಸನ್ನು, ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದಲೇ ಕೊಡುತ್ತಾರೆ. ಅದು ಉಸಿರಾಟವನ್ನು ಹೆಚ್ಚಿಸಿ ದೇಹ ಬೇಗ ಒಗ್ಗುವಂತೆ ಮಾಡುತ್ತದೆ. ಮೂತ್ರ ಹೆಚ್ಚುತ್ತದೆ, ಬೆರಳ ತುದಿ ಜುಮುಗುಡುತ್ತದೆ. ರಕ್ತದೊತ್ತಡದ ಮಾತ್ರೆಗಳಲ್ಲೂ ಕೆಲವು ಮೂತ್ರ ಹೆಚ್ಚಿಸುವಂಥವಾದ್ದರಿಂದ ಎರಡೂ ಸೇರಿದರೆ ಏನಾಗುತ್ತದೆಂದು ಕೇಳಿ. ಸಲ್ಫಾ ಔಷಧದ ಅಲರ್ಜಿ ಇದ್ದರೆ ಅದನ್ನೂ ಹೇಳಿ. ವೈದ್ಯರು ಒಪ್ಪಿ ಮಾತ್ರೆ ಬರೆದುಕೊಟ್ಟರೂ ಅದು ವಿಶ್ರಾಂತಿಯ ದಿನಗಳಿಗೆ ಬದಲಿಯಲ್ಲ.

ಮೂರನೆಯ ಉತ್ತರ

ರಸ್ತೆಯಲ್ಲಿ ಬಂದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಶ್ರೀನಗರದ ದಾರಿಯಾದರೆ ಹೌದು, ಏಕೆಂದರೆ ಸುಮಾರು 2,700 ಮೀಟರ್ ಎತ್ತರದ ಕಾರ್ಗಿಲ್‌ನಲ್ಲಿ ರಾತ್ರಿ ಕಳೆಯಬಹುದು. ಮನಾಲಿಯ ದಾರಿಯಲ್ಲಿ ಅನೇಕರು ತಂಗುವ ಸರ್ಚುವೇ ಲೇಹ್‌ಗಿಂತ ಎತ್ತರದಲ್ಲಿದೆ.

ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಆದ್ದರಿಂದ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಲೇಹ್‌ನಲ್ಲೇ ಕೊಳ್ಳಬೇಕು. ಕಣಿವೆಯಲ್ಲಿ ಹೊಳೆ ದಾಟುವ ಕಡೆಗಳಿಗೆ ಬೆಳಿಗ್ಗೆಯೇ ತಲುಪಿ, ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ನೀರು ಏರುತ್ತದೆ. ಲೇಹ್‌ನ ವಿಮಾನಗಳು ಹವಾಮಾನದಿಂದಾಗಿ ರದ್ದಾಗುವುದುಂಟು. ಹತ್ತನೆಯ ದಿನವೊಂದನ್ನು ಹೇಗಾದರೂ ಹೊಂದಿಸಿಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದ ಮಾತು ಇದು. ತಲೆನೋವಿನ ಜೊತೆ ತೂರಾಡುವ ನಡಿಗೆ, ಮಾತಿನಲ್ಲಿ ಗೊಂದಲ, ಕುಳಿತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಇಳಿಯಬೇಕು. ಆ ಹೊತ್ತಿನಲ್ಲಿ ಅವರ ಜೊತೆ ಇಳಿಯುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಖರ್ದುಂಗ್ ಲಾ ಬಿಟ್ಟಿದ್ದೇವೆ, ತಾಚುಂಗ್ತ್ಸೆ ಸೇರಿಸಿದ್ದೇವೆ, ಒಂದು ದಿನದ ಹೆಚ್ಚುವರಿ ರಜೆಯೂ ಸಿಕ್ಕಿದೆ. ಮಾವ ಸೋಮವಾರ ವೈದ್ಯರಲ್ಲಿಗೆ ಹೋಗುತ್ತಾರೆ. ತಾಚುಂಗ್ತ್ಸೆಯಲ್ಲಿ ಬೆಳಿಗ್ಗೆ ಅವರಿಗೆ ತಲೆನೋವು ಉಳಿದಿದ್ದರೆ ನಾನು ಅವರೊಡನೆ ಮರ್ಖಾಗೆ ಮರಳುವುದು, ಉಳಿದಿಬ್ಬರು ಮುಂದೆ ಹೋಗುವುದು ಎಂದು ನಾಲ್ವರೂ ಕುಳಿತು ಒಪ್ಪಿಕೊಂಡಿದ್ದೇವೆ.